ಚಿತ್ರದುರ್ಗದ ಕೋಟೆಯಲ್ಲಿ ಒಂದು ದಿನ: ನೀರಿನ ಹಿಂದೆ ಹೋಗಿ

ಪ್ರಶ್ನೆ: ನಾವು ಬೆಂಗಳೂರಿನವರು. ದಸರಾ ರಜೆಯಲ್ಲಿ ಒಂದು ದಿನ ಚಿತ್ರದುರ್ಗದ ಕೋಟೆ ನೋಡಿ ಬರಬೇಕು ಅಂತಿದ್ದೇವೆ. ನಾನು, ನಮ್ಮ ಯಜಮಾನರು, 10 ವರ್ಷದ ಮಗಳು, 6 ವರ್ಷದ ಮಗ, ಜೊತೆಗೆ ನಮ್ಮತ್ತೆ. ಅತ್ತೆಗೆ 68 ವರ್ಷ, ಮಂಡಿನೋವಿದೆ. ಆದರೂ ಓಬವ್ವನ ಕಿಂಡಿ ನೋಡಲೇಬೇಕು ಅಂತ ಅವರಿಗೆ ಆಸೆ. ಹೋದ ವರ್ಷ ಬೇರೊಂದು ಕೋಟೆಗೆ ಹೋದಾಗ ಮಕ್ಕಳು ಅರ್ಧ ಗಂಟೆಗೇ "ಬರೀ ಕಲ್ಲು, ಮನೆಗೆ ಹೋಗೋಣ" ಅಂತ ಹಟ ಹಿಡಿದರು. ಈ ಸಲ ಹಾಗಾಗಬಾರದು. ಏನು ನೋಡಬೇಕು, ಏನು ಬಿಡಬೇಕು? ಗೈಡ್ ಬೇಕಾ? ಬರುವಾಗ ವಾಣಿವಿಲಾಸ ಸಾಗರವನ್ನೂ ನೋಡಿಕೊಂಡು ಬರಬಹುದಾ?

ಉತ್ತರ: ನಿಮ್ಮ ಮಕ್ಕಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕೋಟೆ ಅಂದರೆ ಕಲ್ಲೇ ಅಲ್ವಾ? ಯಾವುದು ಯಾಕೆ ಅಲ್ಲಿದೆ ಅಂತ ಗೊತ್ತಾಗದಿದ್ದರೆ ದೊಡ್ಡವರಿಗೂ ಒಂದು ಬಾಗಿಲು ಇನ್ನೊಂದರ ಹಾಗೇ ಕಾಣುತ್ತದೆ. ಚಿತ್ರದುರ್ಗದಲ್ಲಿ 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ ಅಂತ ಲೆಕ್ಕ ಹೇಳುವುದು ವಾಡಿಕೆ. ಆ ಲೆಕ್ಕ ಕೇಳಿದ ಮಕ್ಕಳು ಮರುಕ್ಷಣವೇ ಮರೆಯುತ್ತಾರೆ. ಅವರಿಗೆ ಬೇಕಾದ್ದು ಹಿಡಿದುಕೊಂಡು ಹೋಗಲು ಒಂದು ಎಳೆ. ಈ ಕೋಟೆಯಲ್ಲಿ ಆ ಎಳೆ ನೀರು.

ಚಿತ್ರದುರ್ಗ ಬಯಲುಸೀಮೆ. ಮಳೆ ಕಡಿಮೆ. ಕೋಟೆ ಇರುವ ಗುಡ್ಡದಲ್ಲಿ ಹೊಳೆಯಿಲ್ಲ, ತೊರೆಯಿಲ್ಲ. ಆದರೂ ಇಲ್ಲಿ ಅರಮನೆಯಿತ್ತು, ಕಣಜಗಳಿದ್ದವು, ಟಂಕಸಾಲೆಯಿತ್ತು, ಕುದುರೆ, ಆನೆ, ಸೈನಿಕರ ಸಂಸಾರ ಎಲ್ಲ ಇತ್ತು. ತಿಂಗಳುಗಟ್ಟಲೆ ಶತ್ರು ಸುತ್ತುವರಿದು ಕೂತಾಗಲೂ ಒಳಗಿನವರು ಕುಡಿಯಲು ನೀರಿಲ್ಲದೆ ಸೋಲಲಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಕಾರಿನಲ್ಲೇ ಮಕ್ಕಳ ಮುಂದಿಡಿ. ಉತ್ತರ ಹೇಳಬೇಡಿ. ಮೇಲೆ ಹತ್ತುವವರೆಗೂ ಅವರೇ ಹುಡುಕಲಿ.

ಮೊದಲು ಹೊರಡುವ ವಿಷಯ. ಬೆಂಗಳೂರಿನಿಂದ ತುಮಕೂರು, ಸಿರಾ, ಹಿರಿಯೂರು ದಾರಿಯಲ್ಲಿ ಸುಮಾರು 200 ಕಿಲೋಮೀಟರ್. ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದರೂ ನಾಲ್ಕು ಗಂಟೆಯಲ್ಲಿ ತಲುಪಬಹುದು. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟರೆ ಎಂಟೂವರೆಗೆ ಕೋಟೆ ಬಾಗಿಲಲ್ಲಿರುತ್ತೀರಿ. ಕೋಟೆ ಬೆಳಗ್ಗೆ ಬೇಗನೇ ತೆರೆಯುತ್ತದೆ, ಊರಿನವರು ವಾಕಿಂಗಿಗೆ ಬರುವುದೂ ಇಲ್ಲಿಗೇ. ಹನ್ನೊಂದರ ಮೇಲೆ ಬಂಡೆ ಕಾಯುತ್ತದೆ. ಮೇಲೆ ಮರದ ನೆರಳು ಕಡಿಮೆ. ಹಾಗಾಗಿ ಕೋಟೆಯನ್ನು ಬೆಳಗ್ಗೆಯೇ ಮುಗಿಸಿ, ಮಧ್ಯಾಹ್ನದ ಹೊತ್ತು ಊರೊಳಗೆ ಇರುವ ಹಾಗೆ ನೋಡಿಕೊಳ್ಳಿ. ಹಿಂದಿನ ರಾತ್ರಿಯೇ ಬಂದು ಊರಲ್ಲಿ ಉಳಿಯಲು ಆಗುವುದಾದರೆ ಇನ್ನೂ ಒಳ್ಳೆಯದು. ನಿದ್ದೆಗೆಟ್ಟ ಆರು ವರ್ಷದ ಮಗುವನ್ನು ಗುಡ್ಡ ಹತ್ತಿಸುವುದು ಸುಲಭವಲ್ಲ.

ನೀವು ಆರಿಸಿದ ಕಾಲ ಚೆನ್ನಾಗಿದೆ. ದಸರಾ ಹೊತ್ತಿಗೆ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ, ಹೊಂಡಗಳಲ್ಲಿ ನೀರಿರುತ್ತದೆ, ಬಂಡೆಗಳ ಸಂದಿಯಲ್ಲಿ ಹಸಿರಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ಮಾತ್ರ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಹೋದ ದಿನ ಮಳೆ ಬಂದಿದ್ದರೆ ಬಂಡೆ ಜಾರುತ್ತದೆ, ಆಗ ಮೇಲಿನ ಭಾಗ ಬಿಟ್ಟುಬಿಡಿ.

ಕೋಟೆ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ದೊಡ್ಡವರಿಗೆ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಶೌಚಾಲಯದ ಕೆಲಸವನ್ನು ಕೆಳಗೇ ಮುಗಿಸಿಕೊಳ್ಳಿ. ನೀರಿನ ಬಾಟಲಿ ತಲೆಗೊಂದರಂತೆ ಇರಲಿ. ತಿಂಡಿ ಪೊಟ್ಟಣವನ್ನು ಕೈಯಲ್ಲಿ ಹಿಡಿಯಬೇಡಿ. ಇಲ್ಲಿ ಕೋತಿಗಳು ಜಾಸ್ತಿ, ಕವರಿನ ಸದ್ದು ಕೇಳಿದರೆ ಸಾಕು, ಬಂದು ಕಿತ್ತುಕೊಳ್ಳುತ್ತವೆ. ಬೆನ್ನಿಗೆ ಹಾಕುವ ಬ್ಯಾಗಿನೊಳಗಿಟ್ಟು ಜಿಪ್ ಹಾಕಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ.

ಇನ್ನು ಒಳಗೆ ಹೋಗೋಣ. ಇದಕ್ಕೆ ಏಳುಸುತ್ತಿನ ಕೋಟೆ ಅಂತ ಹೆಸರು. ಆದರೆ ನೀವು ಟಿಕೆಟ್ ತೆಗೆದುಕೊಳ್ಳುವ ಹೊತ್ತಿಗೆ ಹೊರಗಿನ ಸುತ್ತುಗಳನ್ನು ದಾಟಿ ಬಂದಿರುತ್ತೀರಿ. ಅವು ಇಂದಿನ ಊರಿನೊಳಗೆ ಸೇರಿಹೋಗಿವೆ. ರಂಗಯ್ಯನ ಬಾಗಿಲು, ಸಂತೆ ಬಾಗಿಲು ಅಂತ ಬೀದಿಯ ಹೆಸರಾಗಿ ಕೇಳಿಸುವುದೆಲ್ಲ ಒಂದು ಕಾಲದ ಕೋಟೆಯ ಬಾಗಿಲುಗಳೇ.

ಮೊದಲ ಬಾಗಿಲು ದಾಟಿದ ತಕ್ಷಣ ಒಂದು ನಿಮಿಷ ನಿಲ್ಲಿ. ಮುಂದಿನ ಬಾಗಿಲು ಎಲ್ಲಿದೆ ಅಂತ ಮಗನನ್ನು ಕೇಳಿ. ಕಾಣುವುದಿಲ್ಲ. ದಾರಿ ಎರಡು ಎತ್ತರದ ಗೋಡೆಗಳ ನಡುವೆ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಯಾವ ಬಾಗಿಲೂ ಇನ್ನೊಂದರ ನೇರಕ್ಕಿಲ್ಲ. ಬಾಗಿಲು ಮುರಿಯಲು ಆನೆ ತಂದರೂ ಅದಕ್ಕೆ ಓಡಿ ಬಂದು ಗುದ್ದಲು ಜಾಗ ಸಿಗುವುದಿಲ್ಲ. ಸೈನಿಕರು ತಿರುವಿನಲ್ಲಿ ಗುಂಪುಗೂಡುತ್ತಾರೆ, ಮೇಲೆ ಗೋಡೆಯಲ್ಲಿ ನಿಂತವರಿಗೆ ಗುರಿಯಾಗುತ್ತಾರೆ. ಮಗನನ್ನು ಶತ್ರು ಮಾಡಿ, ಮಗಳನ್ನು ಕಾವಲುಗಾರ್ತಿ ಮಾಡಿ ಆಟ ಆಡಿಸಿದರೆ ಎರಡೇ ನಿಮಿಷದಲ್ಲಿ ಇಡೀ ಉಪಾಯ ಅರ್ಥವಾಗುತ್ತದೆ. ಗೋಡೆಯ ತಲೆಯ ಮೇಲಿನ ಕಿಂಡಿಗಳನ್ನೂ ತೋರಿಸಿ. ಕೆಲವು ನೇರಕ್ಕೆ ನೋಡುತ್ತವೆ, ಕೆಲವು ಕೆಳಕ್ಕೆ ಇಳಿಜಾರಾಗಿವೆ. ದೂರದವನಿಗೆ ಒಂದು, ಗೋಡೆಯ ಬುಡಕ್ಕೇ ಬಂದವನಿಗೆ ಇನ್ನೊಂದು.

ಈ ಭಾಗದಲ್ಲೇ, ಹೆಚ್ಚು ಹತ್ತದೆ ಸಿಗುವ ಒಂದು ಜಾಗವಿದೆ. ಮದ್ದು ಬೀಸುವ ಕಲ್ಲುಗಳು. ನೆಲಕ್ಕಿಂತ ತಗ್ಗಿನಲ್ಲಿ, ಕಲ್ಲು ಕಟ್ಟಿದ ಗುಂಡಿಯೊಳಗೆ ನಾಲ್ಕು ಭಾರಿ ಬೀಸುವ ಕಲ್ಲುಗಳಿವೆ. ಅಂಚಿನಲ್ಲಿ ಸಾಲಾಗಿ ತೂತು ಕೊರೆದಿದ್ದಾರೆ. ಆ ತೂತುಗಳಿಗೆ ಮರದ ಗೂಟ ಹೊಡೆದು, ಪ್ರಾಣಿಗಳನ್ನು ಕಟ್ಟಿ ತಿರುಗಿಸುತ್ತಿದ್ದರು ಅನ್ನುತ್ತಾರೆ. ಇಲ್ಲಿ ಮದ್ದುಗುಂಡಿನ ಪುಡಿ ತಯಾರಾಗುತ್ತಿತ್ತು. ಮನೆಯಲ್ಲಿ ಬೀಸುವ ಕಲ್ಲು ನೋಡಿ ಬೆಳೆದ ನಿಮ್ಮ ಅತ್ತೆಯವರು ಇದನ್ನು ಮಕ್ಕಳಿಗೆ ನಿಮಗಿಂತ, ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಆ ಕೆಲಸ ಅವರಿಗೇ ಕೊಡಿ.

ಬಂಡೆಗಳ ಮೇಲೆ ಇನ್ನೊಂದು ಗುರುತು ಹುಡುಕಿಸಿ. ಒಂದೇ ಗೆರೆಯಲ್ಲಿ, ಒಂದೇ ಅಂತರದಲ್ಲಿ, ಬೆರಳುದ್ದದ ಸಣ್ಣ ಸಣ್ಣ ಗುಳಿಗಳ ಸಾಲು. ಕಲ್ಲು ಸೀಳಲು ಬೆಣೆ ಹೊಡೆದ ಜಾಗ ಅದು. ಕೆಲವು ಬಂಡೆಗಳಲ್ಲಿ ಗೆರೆಯ ಒಂದು ಬದಿ ಸೀಳಿ ಹೋಗಿದೆ, ಅರ್ಧ ಗುಳಿಗಳು ಅಂಚಿನಲ್ಲೇ ಉಳಿದಿವೆ. ಇನ್ನು ಕೆಲವದರಲ್ಲಿ ಗುಳಿ ತೋಡಿ ಹಾಗೇ ಬಿಟ್ಟಿದ್ದಾರೆ. ಆ ಗುಳಿಯಲ್ಲಿ ಮಗು ಬೆರಳಿಟ್ಟು ನೋಡಲಿ. ಉಳಿ ಹಿಡಿದಿದ್ದ ಕೆಲಸಗಾರನ ಹೆಸರು ಯಾವ ಶಾಸನದಲ್ಲೂ ಇಲ್ಲ. ರಾಜರ ಹೆಸರಿಗಿಂತ ಮೊದಲು ಆತನ ಕೆಲಸ ಮಕ್ಕಳ ಕೈಗೆ ತಾಗಬೇಕು ಅನ್ನುವುದು ನನ್ನ ಆಸೆ.

ಇಲ್ಲಿಂದ ಏರು ಶುರು. ನಿಮ್ಮ ಅತ್ತೆಯವರ ವಿಷಯ ಈಗಲೇ ಹೇಳಿಬಿಡುತ್ತೇನೆ. ಕೆಳಗಿನ ಬಾಗಿಲುಗಳವರೆಗೆ ಅವರು ನಿಧಾನವಾಗಿ ನಡೆದು ಬರಬಹುದು. ಅಲ್ಲಿಂದ ಮೇಲೆ ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ, ಇಳಿಜಾರು ಬಂಡೆಯ ಮೇಲೂ ಕಾಲಿಡಬೇಕಾಗುತ್ತದೆ. ಗಾಲಿಕುರ್ಚಿ ಬರುವುದಿಲ್ಲ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹತ್ತುವಾಗ "ಏನೂ ಆಗಿಲ್ಲ, ಬರ್ತೀನಿ" ಅಂದವರು ವಾಪಸ್ಸು ಬರುವಾಗ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಕೋಲು ಕೊಡಿ. ಬಾಗಿಲು ಬಾಗಿಲಿಗೂ ಐದು ನಿಮಿಷ ಕೂರಿಸಿ. ಅವರ ಜೊತೆ ಒಬ್ಬರು ದೊಡ್ಡವರು ಇದ್ದೇ ಇರಬೇಕು, ಹಾಗಾಗಿ ನೀವು ಮತ್ತು ಯಜಮಾನರು ಸರದಿ ಮಾಡಿಕೊಳ್ಳಿ.

ಓಬವ್ವನ ಕಿಂಡಿಗೆ ಹೋಗಲು ಮೇಲೆ ಹತ್ತಿ, ಮುಖ್ಯ ದಾರಿ ಬಿಟ್ಟು, ಮತ್ತೆ ಕೆಳಗಿಳಿಯಬೇಕು. ಅತ್ತೆಯವರ ಮಂಡಿ ಒಪ್ಪಿದರೆ ಅದೊಂದನ್ನೇ ಅವರ ಗುರಿ ಮಾಡಿ, ಮೇಲಿನ ದೇವಸ್ಥಾನಗಳನ್ನು ಬಿಟ್ಟುಬಿಡಿ. ಎರಡನ್ನೂ ಮಾಡಲು ಹೋಗಬೇಡಿ. ಒಪ್ಪದಿದ್ದರೆ ಬಲವಂತ ಬೇಡ. ಊರಲ್ಲಿ ಜಿಲ್ಲಾಧಿಕಾರಿ ಕಚೇರಿಯ ಹತ್ತಿರ ಓಬವ್ವನ ಪ್ರತಿಮೆಯಿದೆ, ಒನಕೆ ಎತ್ತಿ ನಿಂತಿರುವುದು. ಅಲ್ಲಿಗೆ ಕಾರಿನಲ್ಲೇ ಹೋಗಬಹುದು.

ಓಬವ್ವನ ಕತೆ ನಮಗೆಲ್ಲ ಗೊತ್ತು. ಆದರೆ ಮಕ್ಕಳಿಗೆ ಹೇಳುವಾಗ ನಾವು ನೇರವಾಗಿ ಒನಕೆಗೆ ಹೋಗಿಬಿಡುತ್ತೇವೆ. ಸ್ವಲ್ಪ ಹಿಂದಿನಿಂದ ಶುರು ಮಾಡಿ. ಆಕೆಯ ಗಂಡ ಮುದ್ದಹನುಮ ಕೋಟೆಯ ಕಾವಲುಗಾರ, ಕಹಳೆ ಊದುವವನು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದಾನೆ. ಅವನಿಗೆ ಕುಡಿಯಲು ನೀರು ಬೇಕು. ಮನೆಯಲ್ಲಿ ನೀರಿಲ್ಲ. ಓಬವ್ವ ಕೊಡ ಹಿಡಿದು ಹೊರಡುತ್ತಾಳೆ. ಆಕೆ ಹೋಗಿದ್ದು ಹತ್ತಿರದ ತಣ್ಣೀರು ದೋಣಿಗೆ, ಬಂಡೆಯ ಸಂದಿಯಲ್ಲಿ ವರ್ಷವಿಡೀ ತಣ್ಣಗೆ ನೀರು ನಿಲ್ಲುವ ಚಿಕ್ಕ ಜಾಗ. ಅಲ್ಲಿಗೆ ಹೋದಾಗಲೇ ಕಿಂಡಿಯ ಕಡೆಯಿಂದ ಸದ್ದು ಕೇಳಿದ್ದು. ಮೊಸರು ಮಾರುವವಳು ಆ ಕಿಂಡಿಯಲ್ಲಿ ಬಂದುಹೋಗುವುದನ್ನು ನೋಡಿದ ಹೈದರಾಲಿಯ ಸೈನಿಕರು ಅದೇ ದಾರಿ ಹಿಡಿದಿದ್ದರು. ಗಂಡನ ಊಟ ಅರ್ಧಕ್ಕೆ ನಿಲ್ಲಿಸಬಾರದು ಅಂತ ಆಕೆ ಒನಕೆ ತಂದು, ತಲೆ ತೂರಿಸಿದವನನ್ನು ತೂರಿಸಿದ ಹಾಗೇ ಹೊಡೆದು ಪಕ್ಕಕ್ಕೆ ಎಳೆದು ಹಾಕಿದಳು.

ಕತೆ ಕೇಳಿದ ಮೇಲೆ ದೋಣಿ ಮತ್ತು ಕಿಂಡಿಯ ನಡುವೆ ಮಕ್ಕಳೇ ನಡೆದು ನೋಡಲಿ. ಆಮೇಲೆ ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂರಿಸಿ. ಒಬ್ಬೊಬ್ಬರೇ, ಅದೂ ಬಗ್ಗಿ ತೂರುವಷ್ಟೇ ಜಾಗ. ತೂರುವವನ ಕೈಲಿ ಕತ್ತಿ ಬೀಸಲು ಆಗುವುದಿಲ್ಲ, ಹಿಂದಿನವನಿಗೆ ಮುಂದಿನವನಿಗೆ ಏನಾಯಿತು ಅಂತ ಕಾಣುವುದಿಲ್ಲ. ಒಬ್ಬ ಹೆಂಗಸು ಇಷ್ಟು ಜನರನ್ನು ಹೇಗೆ ತಡೆದಳು ಅನ್ನುವ ಅನುಮಾನ ಅಲ್ಲಿ ಕೂತಾಗ ತಾನಾಗಿ ಕರಗುತ್ತದೆ. ಆ ದಿನವೇ ಆಕೆಯೂ ಸತ್ತಳು. ಹೇಗೆ ಅನ್ನುವುದನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ಹತ್ತು ವರ್ಷದ ಮಗಳಿಗೆ ಅದನ್ನೂ ಹೇಳಿ, ಮುಚ್ಚಿಡಬೇಡಿ. 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತಿದೆ, ಶಾಲೆಯಲ್ಲಿ ಮಾತಾಡಲು ಅವಳಿಗೆ ಒಂದು ವಿಷಯವಾದೀತು.

ಈಗ ನೀರಿನ ಪ್ರಶ್ನೆಗೆ ಉತ್ತರ. ಅದಕ್ಕೆ ಮೇಲೆ ಗೋಪಾಲಸ್ವಾಮಿ ಹೊಂಡದವರೆಗೆ ಹೋಗಲೇಬೇಕು. ಮಕ್ಕಳ ಜೊತೆ ಹೋದರೆ ನಡಿಗೆ ಸ್ವಲ್ಪ ಉದ್ದವೇ. ದಾರಿಯಲ್ಲಿ ಏಕನಾಥೇಶ್ವರಿ ಗುಡಿ ಸಿಗುತ್ತದೆ, ಕೋಟೆಯನ್ನು ಕಾಯುವ ತಾಯಿ ಅಂತ ಊರಿನವರು ನಡೆದುಕೊಳ್ಳುವ ದೇವತೆ. ಹಿಡಿಂಬೇಶ್ವರ ದೇವಸ್ಥಾನವಿದೆ. ಭೀಮನೂ ಹಿಡಿಂಬನೂ ಕಾದಾಡಿ ಎಸೆದಾಡಿದ ಬಂಡೆಗಳೇ ಇವೆಲ್ಲ ಅನ್ನುವುದು ಇಲ್ಲಿಯ ಐತಿಹ್ಯ. ಸುತ್ತಲಿನ ಬಂಡೆಗಳನ್ನು ನೋಡಿದರೆ ನಿಮ್ಮ ಮಗ ಅದನ್ನು ಪೂರ್ತಿ ನಂಬುತ್ತಾನೆ. ಈ ದೇವಸ್ಥಾನಗಳ ಬಯಲಲ್ಲಿ ಕಲ್ಲಿನ ದೀಪಸ್ತಂಭ, ಎತ್ತರದ ಉಯ್ಯಾಲೆ ಕಂಬ ಇವೆ. ಮಕ್ಕಳ ಫೋಟೋಗೆ ಒಳ್ಳೆಯ ಜಾಗ. ಇಲ್ಲಿ ಹತ್ತು ನಿಮಿಷ ಕೂತು ನೀರು ಕುಡಿದು ಮುಂದೆ ಹೋಗಿ.

ಗೋಪಾಲಸ್ವಾಮಿ ಹೊಂಡ ಕಂಡಾಗ ಮಕ್ಕಳು ಓಡುತ್ತಾರೆ. ಕೈ ಹಿಡಿದುಕೊಳ್ಳಿ. ಹೊಂಡಗಳ ಅಂಚಿಗೆ ಎಲ್ಲ ಕಡೆ ಕಂಬಿಯಿಲ್ಲ, ಪಾಚಿ ಇರುತ್ತದೆ, ನೀರು ಆಳ. ಇಡೀ ದಿನದಲ್ಲಿ ನಾನು ನಿಜವಾಗಿ ಹೆದರುವ ಜಾಗ ಇದೊಂದೇ. ದಡದಿಂದ ದೂರ, ಇಳಿಜಾರು ಬಂಡೆಯ ಮೇಲೆ ಎಲ್ಲರೂ ಕೂತುಕೊಳ್ಳಿ. ಬಾಟಲಿಯಿಂದ ಒಂದು ಮುಚ್ಚಳ ನೀರನ್ನು ಬಂಡೆಯ ಮೇಲೆ ಸುರಿಯಲು ಮಗನಿಗೆ ಹೇಳಿ. ಕಲ್ಲು ಅದನ್ನು ಕುಡಿಯುವುದಿಲ್ಲ. ನೀರು ಬಂಡೆಯ ಮೈಮೇಲೆ ಗೆರೆ ಎಳೆದುಕೊಂಡು ತಗ್ಗಿನ ಕಡೆ ಹರಿಯುತ್ತದೆ. ಇದೇ ಚಿತ್ರದುರ್ಗದ ಗುಟ್ಟು. ಮಣ್ಣಿನ ಗುಡ್ಡವಾಗಿದ್ದರೆ ಇಲ್ಲಿ ಬೀಳುವ ಸ್ವಲ್ಪ ಮಳೆ ಇಂಗಿ ಹೋಗುತ್ತಿತ್ತು. ಇದು ಬೋಳು ಬಂಡೆಯ ಗುಡ್ಡ. ಬಿದ್ದ ಹನಿಯೆಲ್ಲ ಕೆಳಗಿಳಿಯಲೇಬೇಕು. ಕಟ್ಟಿದವರು ಅದು ಇಳಿಯುವ ದಾರಿಯನ್ನು ನೋಡಿ, ಬಂಡೆಗಳ ನಡುವಿನ ತಗ್ಗಿಗೆ ಕಟ್ಟೆ ಹಾಕಿ ಅಲ್ಲೇ ತಡೆದರು.

ಅಷ್ಟಕ್ಕೇ ಬಿಡಲಿಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಅಕ್ಕತಂಗಿ ಹೊಂಡಕ್ಕೆ ಹೋಗುತ್ತದೆ. ಅದು ತುಂಬಿದರೆ ಕೋಟೆಯ ಗೋಡೆ ದಾಟಿ ಸಿಹಿನೀರು ಹೊಂಡಕ್ಕೆ. ಅಲ್ಲಿಂದ ಊರಿನ ಸಂತೆ ಹೊಂಡಕ್ಕೆ. ಮೇಲೆ ರಾಜನ ಮನೆಯ ಹತ್ತಿರ ಬಿದ್ದ ಮಳೆಯೇ ಕೆಳಗೆ ಸಂತೆಗೆ ಬಂದವರ ಕೊಡ ತುಂಬುತ್ತಿತ್ತು. ಒಂದು ಹೊಂಡದಲ್ಲಿ ನಿಂತಾಗ ನೀರಿನ ಕೆಸರು ತಳಕ್ಕೆ ಕೂರುತ್ತದೆ, ಮುಂದಿನ ಹೊಂಡಕ್ಕೆ ಹೋಗುವುದು ಮೇಲಿನ ತಿಳಿನೀರು. ಪಂಪಿಲ್ಲ, ಪೈಪಿಲ್ಲ. ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ.

ಇದನ್ನು ಗೋಡೆ, ಬಾಗಿಲುಗಳಿಗಿಂತ ದೊಡ್ಡ ಸಾಧನೆ ಅಂತ ನಾನು ಎಣಿಸುತ್ತೇನೆ. ಗೋಡೆ ಕಟ್ಟಲು ಬಲ ಬೇಕು. ನೀರನ್ನು ಹೀಗೆ ನಡೆಸಲು ಒಂದೇ ಗುಡ್ಡವನ್ನು ಮಳೆಗಾಲದಿಂದ ಮಳೆಗಾಲಕ್ಕೆ ನೋಡುತ್ತಾ ಕೂತ ತಾಳ್ಮೆ ಬೇಕು. ಟ್ಯಾಂಕರ್ ನೀರು ನೋಡಿ ಬೆಳೆಯುತ್ತಿರುವ ಬೆಂಗಳೂರಿನ ಮಕ್ಕಳಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ತೋರಿಸಿದರೆ ಸಾಕು.

ಹೊಂಡದಿಂದ ಮುಂದೆ ಅರಮನೆ ಇದ್ದ ಕಡೆಗೆ ಹೋದರೆ ಮಣ್ಣಿನ ಗೋಡೆಗಳು ನಿಂತಿವೆ. ಮೈಸೂರಿನ ಅರಮನೆ ನೆನೆಸಿಕೊಂಡು ಹೋದ ಮಕ್ಕಳಿಗೆ ಇಲ್ಲಿ ನಿರಾಸೆ ಆಗಬಹುದು, ಮೊದಲೇ ಹೇಳಿರಿ. ಕಂಬ, ಕಮಾನು ಏನಿಲ್ಲ. ಛಾವಣಿ ಹೋಗಿ, ದಪ್ಪ ಮಣ್ಣಿನ ಗೋಡೆ ಮಾತ್ರ ಉಳಿದಿದೆ. ಮಕ್ಕಳು ಗೋಡೆ ಕೆರೆಯದ ಹಾಗೆ, ಹತ್ತದ ಹಾಗೆ ನೋಡಿಕೊಳ್ಳಿ. ಕಲ್ಲಿನ ಕೋಟೆಯಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ಈ ಗೋಡೆಗಳೇ, ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಕರಗುತ್ತಿವೆ.

ಇಲ್ಲಿ ಕೂತು ರಾಜರ ಕತೆ ಹೇಳಬಹುದು. ಚಿತ್ರದುರ್ಗದ ನಾಯಕರು ಬೇಡ ಸಮುದಾಯದವರು, ಮೊದಲು ವಿಜಯನಗರದ ಅಡಿಯಲ್ಲಿದ್ದ ಪಾಳೇಗಾರರು. ವಿಜಯನಗರ ಬಿದ್ದ ಮೇಲೆ ತಾವೇ ಆಳತೊಡಗಿದರು. ಇಡೀ ವಂಶಾವಳಿ ಮಕ್ಕಳಿಗೆ ಬೇಡ. ಕೊನೆಯ ನಾಯಕನೊಬ್ಬ ಸಾಕು. ಮದಕರಿನಾಯಕ 1754ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ 12 ವರ್ಷ. ನಿಮ್ಮ ಮಗಳಿಗಿಂತ ಎರಡೇ ವರ್ಷ ದೊಡ್ಡವನು. "ನಿನಗೆ ಈಗ ಈ ಕೋಟೆ ಕೊಟ್ಟರೆ ಮೊದಲು ಏನು ಮಾಡ್ತೀಯಾ?" ಅಂತ ಅವಳನ್ನು ಕೇಳಿ. ಮಕ್ಕಳ ಜೊತೆ ಈ ಗುಡ್ಡ ಹತ್ತುವಾಗಲೆಲ್ಲ ನಾನು ಈ ಪ್ರಶ್ನೆ ಕೇಳುತ್ತೇನೆ. ಬರುವ ಉತ್ತರಗಳು ಚೆನ್ನಾಗಿರುತ್ತವೆ.

ಆರು ವರ್ಷದವನು "ಯಾರು ಒಳ್ಳೆಯವರು, ಯಾರು ಕೆಟ್ಟವರು?" ಅಂತ ಕೇಳೇ ಕೇಳುತ್ತಾನೆ. ಇಲ್ಲಿ ಅವಸರ ಬೇಡ. ಮದಕರಿಯೂ ಹೈದರಾಲಿಯೂ ಹುಟ್ಟು ಶತ್ರುಗಳಲ್ಲ. ನಡುವೆ ಹಲವು ವರ್ಷ ಮದಕರಿಯ ಪಡೆ ಹೈದರನ ಪರವಾಗಿಯೇ ಯುದ್ಧಕ್ಕೆ ಹೋಗಿತ್ತು. ಒಂದು ಕಡೆ ಮೈಸೂರು, ಇನ್ನೊಂದು ಕಡೆ ಮರಾಠರು. ಇಬ್ಬರು ಬಲಶಾಲಿಗಳ ನಡುವಿನ ಚಿಕ್ಕ ರಾಜ್ಯ ಯಾವ ಕಡೆ ವಾಲಿದರೂ ಇನ್ನೊಬ್ಬರಿಗೆ ಸಿಟ್ಟು. ಕೊನೆಗೆ ಹೈದರನೇ ಮುತ್ತಿಗೆ ಹಾಕಿದ. 1779ರಲ್ಲಿ ದುರ್ಗ ಬಿತ್ತು. ಏಳು ಸುತ್ತಿನ ಗೋಡೆ ಸೋಲಲಿಲ್ಲ, ಹೊಂಡ ಬತ್ತಲಿಲ್ಲ. ಒಳಗಿನವರೇ ಕೆಲವರು ಶತ್ರುವಿನ ಜೊತೆ ಸೇರಿದ್ದರಿಂದ ಬಿತ್ತು. ಮದಕರಿಯನ್ನು ಮನೆಯವರ ಸಮೇತ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವನು ಅಲ್ಲೇ ಸತ್ತ. ದುರ್ಗದ ಸಾವಿರಾರು ಜನರನ್ನೂ ಊರು ಬಿಡಿಸಿ ಅಲ್ಲಿಗೇ ಕರೆದೊಯ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೋಟೆ ಮೈಸೂರು ಒಡೆಯರ ರಾಜ್ಯಕ್ಕೆ ಸೇರಿತು. ಇಷ್ಟನ್ನು ಯಾರ ಮೇಲೂ ದ್ವೇಷ ಹುಟ್ಟಿಸದೆ ಹೇಳಬಹುದು, ಹಾಗೇ ಹೇಳಬೇಕು.

ತುಪ್ಪದ ಕೊಳದ ಬಂಡೆ ನೋಡಿದರೆ ಮಕ್ಕಳು ಹತ್ತುತ್ತೇವೆ ಅನ್ನುತ್ತಾರೆ. ಬಂಡೆಯಲ್ಲಿ ಕಾಲಿಡಲು ಸಣ್ಣ ಗುಳಿಗಳನ್ನಷ್ಟೇ ಕಡಿದಿದ್ದಾರೆ. ಬೇಡ ಅಂತ ಖಡಾಖಂಡಿತ ಹೇಳಿ. ಊರಿನ ಹುಡುಗರು ಸರಸರ ಹತ್ತುವುದನ್ನು ನೋಡಿ ಯಜಮಾನರಿಗೂ ಉಮೇದು ಬಂದೀತು. ಅವರಿಗೂ ಬೇಡ.

ಗೈಡ್ ಬೇಕಾ ಅಂತ ಕೇಳಿದಿರಿ. ಬೇಕು. ದಾರಿಗಳು ಕವಲೊಡೆಯುತ್ತವೆ, ಓಬವ್ವನ ಕಿಂಡಿ, ಮದ್ದಿನ ಕಲ್ಲು ಎರಡೂ ಮುಖ್ಯ ದಾರಿಯಿಂದ ಪಕ್ಕಕ್ಕಿವೆ. ಬಾಗಿಲಲ್ಲೇ ಗೈಡ್‌ಗಳು ಸಿಗುತ್ತಾರೆ. ಗುರುತಿನ ಚೀಟಿ ಇರುವವರನ್ನು ಕೇಳಿ, ಎಷ್ಟು ಹೊತ್ತು, ಎಷ್ಟು ಹಣ ಅಂತ ಮೊದಲೇ ಮಾತಾಡಿಕೊಳ್ಳಿ. ಮಕ್ಕಳಿದ್ದಾರೆ, ನಿಧಾನ ಹೋಗಬೇಕು, ಹೊಂಡಗಳನ್ನು ತೋರಿಸಬೇಕು ಅಂತ ಹೇಳಿಬಿಡಿ. ಇಲ್ಲಿಯ ಗೈಡ್‌ಗಳಲ್ಲಿ ಕೆಲವರು ಇದೇ ಊರಲ್ಲಿ ಹುಟ್ಟಿ, ಈ ಬಂಡೆಗಳ ಮೇಲೆ ಆಡಿ ಬೆಳೆದವರು. ಅವರ ಬಾಯಲ್ಲಿ ಬರುವ ದುರ್ಗದ ಕನ್ನಡ ಕೇಳುವುದೇ ಒಂದು ಖುಷಿ. ಅವರು ಹೇಳುವ ಎಲ್ಲವೂ ಇತಿಹಾಸ ಆಗಿರಬೇಕಿಲ್ಲ. ಯಾವುದಾದರೂ ಮಾತು ಅತಿಯಾಯಿತು ಅನ್ನಿಸಿದರೆ "ಇದು ಶಾಸನದಲ್ಲಿದೆಯಾ, ಹಿರಿಯರು ಹೇಳಿದ್ದಾ?" ಅಂತ ಮಗಳ ಕೈಲಿ ಕೇಳಿಸಿ. ಒಳ್ಳೆಯ ಗೈಡ್ ಬೇಸರ ಮಾಡಿಕೊಳ್ಳುವುದಿಲ್ಲ.

ಹನ್ನೆರಡರ ಹೊತ್ತಿಗೆ ಇಳಿದು ಬನ್ನಿ. ಊರಲ್ಲಿ ಊಟಕ್ಕೆ ತೊಂದರೆಯಿಲ್ಲ. ಊಟದ ಮೇಲೆ ರಂಗಯ್ಯನ ಬಾಗಿಲಿನ ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ, ವಾರದ ರಜೆ ಯಾವತ್ತು ಅಂತ ಮೊದಲೇ ವಿಚಾರಿಸಿಕೊಳ್ಳಿ. ಚಿಕ್ಕದು, ಆದರೆ ನೆರಳಿದೆ, ಮೆಟ್ಟಿಲು ಹತ್ತಿ ಸುಸ್ತಾಗಬೇಕಿಲ್ಲ. ಆಮೇಲೆ ಕಾರಿನಲ್ಲೇ ಸಂತೆ ಹೊಂಡದ ಹತ್ತಿರ ನಿಲ್ಲಿಸಿ. ಬೆಳಗ್ಗೆ ಗುಡ್ಡದ ಮೇಲೆ ಶುರುವಾದ ನೀರಿನ ದಾರಿ ಊರೊಳಗೆ ಬಂದು ಮುಟ್ಟಿದ್ದನ್ನು ಮಕ್ಕಳು ತಾವೇ ಹೇಳಲಿ.

ನಾಲ್ಕರ ಸುಮಾರಿಗೆ ಚಂದ್ರವಳ್ಳಿಗೆ ಹೋಗಿ. ಊರಿನ ಪಕ್ಕದಲ್ಲೇ, ಗುಡ್ಡಗಳ ನಡುವೆ ಕೆರೆ. ಅತ್ತೆಯವರಿಗೆ ಕೂರಲು ಇದಕ್ಕಿಂತ ತಂಪಾದ ಜಾಗ ಈ ಊರಲ್ಲಿ ಇನ್ನೊಂದಿಲ್ಲ. ಬಂಡೆಯೊಳಗಿನ ಅಂಕಲಿ ಮಠದ ಗುಹೆಗಳು ಕತ್ತಲು, ಇಕ್ಕಟ್ಟು. ಟಾರ್ಚ್ ಮತ್ತು ದಾರಿ ಗೊತ್ತಿರುವವರು ಇದ್ದರೆ ಮಗಳನ್ನು ಕರೆದುಕೊಂಡು ಹೋಗಬಹುದು. ಚಿಕ್ಕವನು ಹೆದರಿದರೆ ಬಿಟ್ಟುಬಿಡಿ. ಆದರೆ ಇಲ್ಲಿ ತಪ್ಪದೆ ನೋಡಬೇಕಾದದ್ದು ಭೈರವೇಶ್ವರ ದೇವಸ್ಥಾನದ ಹತ್ತಿರದ ಬಂಡೆಯ ಮೇಲಿನ ಶಾಸನ. ಕದಂಬರ ಮಯೂರಶರ್ಮನದು, ಪ್ರಾಕೃತದಲ್ಲಿದೆ, ನಾಲ್ಕನೆಯ ಶತಮಾನದ್ದು. ಅವನು ಯಾರು ಯಾರನ್ನು ಸೋಲಿಸಿದ ಅನ್ನುವ ಪಟ್ಟಿ ಅದರಲ್ಲಿದೆ. ಆದರೆ ಅಷ್ಟು ಗೆದ್ದವನು ಇಲ್ಲಿ ಮಾಡಿದ ಕೆಲಸ ಅಂತ ಅದು ಹೇಳುವುದು ಒಂದೇ: ಕೆರೆ ಕಟ್ಟಿಸಿದ್ದು. ನಾಯಕರ ಕೋಟೆಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಈ ಗುಡ್ಡಗಳ ನಡುವೆ ನೀರು ಹಿಡಿದಿಡುವ ಕೆಲಸ ನಡೆದಿತ್ತು. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿಸಿದರು. ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಚಂದ್ರವಳ್ಳಿಯ ನೆಲದಲ್ಲಿ ಸಿಕ್ಕಿವೆ. ಬಯಲುಸೀಮೆಯ ಈ ಮೂಲೆಗೆ ಅವು ಹೇಗೆ ಬಂದವು ಅನ್ನುವುದನ್ನು ವಾಪಸ್ಸು ಬರುವ ದಾರಿಯಲ್ಲಿ ಮಕ್ಕಳು ಊಹಿಸಲಿ.

ಮಕ್ಕಳು ಆ ಹೊತ್ತಿಗೆ ತೀರಾ ಸುಸ್ತಾಗಿದ್ದರೆ ಚಂದ್ರವಳ್ಳಿ ಬಿಟ್ಟು ಆಡುಮಲ್ಲೇಶ್ವರದ ಚಿಕ್ಕ ಮೃಗಾಲಯಕ್ಕೆ ಹೋಗಬಹುದು. ಎರಡರಲ್ಲಿ ಒಂದೇ ಸಾಕು.

ವಾಣಿವಿಲಾಸ ಸಾಗರದ ಬಗ್ಗೆ ನನ್ನ ಉತ್ತರ, ಈ ಸಲ ಬೇಡ. ಹೆದ್ದಾರಿ ಬಿಟ್ಟು ಹಿರಿಯೂರಿನಿಂದ ಒಳಗೆ ಹೋಗಬೇಕು. ನೀವು ಅಲ್ಲಿ ಸೇರುವಾಗ ಕತ್ತಲಾಗಿರುತ್ತದೆ, ಕತ್ತಲಲ್ಲಿ ಅಣೆಕಟ್ಟೆ ನೋಡಿ ಪ್ರಯೋಜನವಿಲ್ಲ, ರಾತ್ರಿ ಬೆಂಗಳೂರು ತಲುಪುವುದೂ ತಡವಾಗುತ್ತದೆ. ಸುಮ್ನೆ ಪಟ್ಟಿಗೆ ಒಂದು ಹೆಸರು ಸೇರಿಸಲು ಅಷ್ಟು ದೂರ ಹೋಗಬೇಡಿ. ವೇದಾವತಿಗೆ ಕಟ್ಟಿದ ಆ ಅಣೆಕಟ್ಟೆ ಮೈಸೂರು ಅರಸರ ಕಾಲದ್ದು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದಕ್ಕೆಂದೇ ಇನ್ನೊಂದು ದಿನ ಇಟ್ಟುಕೊಳ್ಳಿ, ಅದೂ ಮಳೆ ಚೆನ್ನಾಗಿ ಆದ ವರ್ಷ. ಅಲ್ಲಿ ಅತ್ತೆಯವರಿಗೆ ಗುಡ್ಡ ಹತ್ತುವ ಕಷ್ಟವೂ ಇರುವುದಿಲ್ಲ.